ಹನಿ ನೀರೂ ಬಿಡದ ಗಂಬೂಟು

ಕಯಾಕ್ ಎಂಬ ಕಿರುದೋಣಿಯಲ್ಲಿ ಮೀನು ಹಿಡಿಯಲು ಹೊರಟ ಗಣಪು ಹರಿಕಂತ್ರ ಕಾಲಿಗೆ ಏನು ಮೆಟ್ಟಲಿ ಎಂದು ಯೋಚಿಸುತ್ತಿದ್ದಾಗ, ಗಂಬೂಟು ಪಕ್ಕದ ತೂತುತೂತಿನ ಪ್ಲಾಸ್ಟಿಕ್ ಚಪ್ಪಲಿಗೆ ಹೇಳಿತು: "ನೀನೊಂದು ಜರಡಿ. ನಾನು ಒಂದು ಹನಿ ನೀರನ್ನೂ ಒಳಗೆ ಬಿಡುವವನಲ್ಲ."

"ಒಳಗೆ ಬಂದದ್ದನ್ನು ಹೊರಗೆ ಬಿಡುತ್ತೀರಾ, ಸ್ವಾಮಿ?"

"ಬಂದರೆ ತಾನೇ!"

ಗಣಪು ಗಂಬೂಟನ್ನೇ ಮೆಟ್ಟಿದ. ನಡುಹೊಳೆಯಲ್ಲಿ ದೊಡ್ಡ ಮೀನೊಂದು ಗಾಳ ಜಗ್ಗಿತು, ಕಯಾಕ್ ಮಗುಚಿತು. ಮೇಲಿನಿಂದ ನುಗ್ಗಿದ ನೀರು ಗಂಬೂಟಿನಲ್ಲಿ ತುಂಬಿಕೊಂಡಿತು. ಒಂದು ಹನಿಯೂ ಹೊರಗೆ ಹೋಗಲಿಲ್ಲ. ಬೀಸುಕಲ್ಲಿನಂತೆ ಭಾರವಾದ ಕಾಲುಗಳನ್ನು ಎಳೆದುಕೊಂಡು, ಕಯಾಕಿಗೆ ಜೋತುಬಿದ್ದು ಗಣಪು ಹೇಗೋ ದಡ ಸೇರಿದ.

ಆ ರಾತ್ರಿ ಜೋರು ಮಳೆ ಹೊಯ್ದಿತು. ಮರುದಿನ ಅವನು ಚಪ್ಪಲಿ ಮೆಟ್ಟಿ ಹೊಳೆಗೆ ನಡೆದ. ಬೇಲಿಗೂಟಕ್ಕೆ ತಲೆಕೆಳಗಾಗಿ ಸಿಕ್ಕಿಸಿದ್ದ ಗಂಬೂಟು ಒಳಗಿನ ಹೊಳೆನೀರನ್ನು ಇನ್ನೂ ತೊಟ್ಟಿಕ್ಕಿಸುತ್ತಲೇ ಹಿಂದಿನಿಂದ ಕೂಗಿತು: "ನೋಡು, ರಾತ್ರಿ ಅಷ್ಟು ಮಳೆ ಹೊಯ್ದರೂ ಒಂದು ಹನಿಯೂ ಒಳಗೆ ಬಿಟ್ಟಿಲ್ಲ!"