ಹೂರಣದ ತಪ್ಪಲೆ

"ಬುದ್ಧಿ, ದೇಹ ಮಲಗು ಅಂದಾಗ ಮಲಗೋದೇ ಶರಣಾಗತಿ ಅಲ್ವಾ?" ಎಂದು ಶಿಷ್ಯ ಗುರುಗಳನ್ನು ಕೇಳಿದ.

ಕೇಳಿದ್ದು ಚಾಪೆಯ ಮೇಲೆ ಅಂಗಾತ ಮಲಗಿಕೊಂಡೇ. ಮಠದ ಉಗ್ರಾಣದಲ್ಲಿ ಹಿಟ್ಟಿನ ಮೂಟೆ ಎತ್ತಲು ಹೋಗಿ ಸೊಂಟ ಹಿಡಿದುಕೊಂಡ ದಿನದಿಂದ ಅವನು ಆ ಚಾಪೆ ಬಿಟ್ಟಿರಲಿಲ್ಲ. ಬಚ್ಚಲಿಗೆ ಹೋಗಲು ಮಾತ್ರ ಗೋಡೆ ಹಿಡಿದು ಏಳುತ್ತಿದ್ದ. ಡಾಕ್ಟರು ಪರೀಕ್ಷೆ ಮಾಡಿ, ಇದು ಡಿಸ್ಕಿನ ತೊಂದರೆ, ಆಪರೇಷನ್ ಬೇಕಿಲ್ಲ, ಎದ್ದು ಓಡಾಡು ಎಂದಿದ್ದರು. ಫಿಸಿಯೋಥೆರಪಿಯವರು ವ್ಯಾಯಾಮ ಹೇಳಿಕೊಟ್ಟಿದ್ದರು. ಶಿಷ್ಯ ಇಬ್ಬರಿಗೂ ಭಕ್ತಿಯಿಂದ ಕೈ ಮುಗಿದು, ಮಠಕ್ಕೆ ಬಂದು ಮಲಗಿಬಿಟ್ಟಿದ್ದ.

ಆಗ ತಾನೇ ದಾಸೋಹದ ಹೆಂಗಸು ಅವನ ಊಟದ ತಟ್ಟೆಯನ್ನು ಚಾಪೆಯ ಪಕ್ಕದಲ್ಲಿಟ್ಟು ಹೋಗಿದ್ದಳು. ತಟ್ಟೆ ಇಡುವಾಗ ಅವಳು ಸೊಂಟ ಬಗ್ಗಿಸುವುದಿಲ್ಲ, ಮೊಣಕಾಲು ಮಡಿಸಿ ಕೂತು ಇಡುತ್ತಾಳೆ. ಗುರುಗಳ ಎದುರಿಗೂ ಅವಳ ಬೆನ್ನು ನೆಟ್ಟಗೇ ಇರುತ್ತದೆ. ಅವಳದು ಬಹಳ ಬಿಂಕ ಎಂದು ಶಿಷ್ಯ ಮನಸ್ಸಿನಲ್ಲೇ ಅಂದುಕೊಂಡಿದ್ದ.

ಗುರುಗಳು ಅವನ ಪಕ್ಕ ಕೂತರು. "ಶರಣಾಗತಿಯ ವಿಚಾರ ಆಮೇಲೆ ನೋಡೋಣ. ಮೊದಲು ಒಂದು ಕತೆ ಕೇಳು" ಎಂದರು.

ಒಬ್ಬ ಅಡುಗೆಯವಳಿದ್ದಳು. ಮದುವೆ ಮನೆಗಳಿಗೆ ಹೋಗಿ ಅಡುಗೆ ಮಾಡುವ ಗುಂಪಿನಲ್ಲಿ ಅವಳದು ಹೋಳಿಗೆಯ ಪಾಲು. ಅವಳ ಗಂಡನ ಅಣ್ಣನೇ ಆ ಗುಂಪಿನ ಯಜಮಾನ. ಆ ಗುಂಪಿನಲ್ಲಿ ಒಂದು ಪದ್ಧತಿ ಇತ್ತು. ಬೇಳೆ ಬೆಂದು ಹೂರಣ ಹದಕ್ಕೆ ಬಂದ ಮೇಲೆ, ಆ ತಪ್ಪಲೆಯನ್ನು ಒಲೆಯಿಂದ ಯಾರು ಇಳಿಸುತ್ತಾರೋ ಆ ದಿನದ ಅಡುಗೆ ಅವರ ಹೆಸರಿನದು. ಇಬ್ಬರು ಸೇರಿ ಇಳಿಸುವ ಹಾಗಿಲ್ಲ. ನಿಂತಲ್ಲೇ ಸೊಂಟ ಬಗ್ಗಿಸಿ, ಕೈ ಮುಂದೆ ಚಾಚಿ, ಒಂದೇ ಉಸಿರಿಗೆ ಎತ್ತಿ ಇಳಿಸಬೇಕು. ಈ ಪದ್ಧತಿ ಮಾಡಿದ್ದು ಯಾರು, ಯಾಕೆ ಎಂದು ಯಾರೂ ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ಹರೆಯದಿಂದಲೂ ತಪ್ಪಲೆ ಇಳಿಸುತ್ತಾ ಬಂದವಳು ಅವಳೇ. ಅದು ಅವಳ ಹೆಮ್ಮೆ.

ಒಂದು ಮದುವೆಯ ದಿನ ತಪ್ಪಲೆ ಎತ್ತಿದಳು, ಇಳಿಸಲಾಗಲಿಲ್ಲ. ಸೊಂಟದಲ್ಲಿ ಏನೋ ಚಳಕ್ ಎಂದಿತು. ಕುಂಡೆಯಿಂದ ಹಿಮ್ಮಡಿಯವರೆಗೆ ಒಂದೇ ಎಳೆಯಲ್ಲಿ ಉರಿ ಇಳಿಯಿತು. ಹೂರಣವೆಲ್ಲ ನೆಲದ ಪಾಲಾಯಿತು.

ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು. ಡಿಸ್ಕ್ ಜಾರಿದೆ. ಊರೆಲ್ಲ ಆಡುವ ಮಾತು ಅದು, ಆಡಿದವರಲ್ಲಿ ಕೆಟ್ಟ ಬುದ್ಧಿಯೇನೂ ಇರಲಿಲ್ಲ. ಆದರೆ ಕೇಳಿಸಿಕೊಂಡವಳು ಅಡುಗೆಯವಳು. ಅಡುಗೆಮನೆಯಲ್ಲಿ ಜಾರಿದ್ದು ಬೀಳುತ್ತದೆ, ಬಿದ್ದದ್ದು ಒಡೆಯುತ್ತದೆ. ತನ್ನ ಬೆನ್ನೊಳಗೆ ಒಂದು ಬಿಲ್ಲೆ ಅಂಚಿಗೆ ಬಂದು ಕೂತಿದೆ, ಅಲುಗಾಡಿದರೆ ಉದುರಿಹೋಗುತ್ತದೆ ಎಂದು ಅವಳು ನಂಬಿದಳು. ಸೊಂಟಕ್ಕೆ ಹಳೆಯ ಸೀರೆ ಬಿಗಿದು ಮಲಗಿದಳು. ಮಗ್ಗುಲು ಬದಲಿಸಲಿಲ್ಲ. ಕೆಮ್ಮು ಬಂದರೆ ನುಂಗಿದಳು. ಸೀನು ಬಂದರೆ ಮೂಗು ಹಿಡಿದುಕೊಂಡಳು. ಮನೆಯವರೂ ಕಡಿಮೆಯೇನಲ್ಲ. ಜಾರಿದ್ದನ್ನು ಕೂರಿಸಬೇಕಲ್ಲ ಎಂದು ಕಾಲು ಮುಂದಾಗಿ ಹುಟ್ಟಿದವನು ಒದ್ದರೆ ಬೆನ್ನು ಸರಿಹೋಗುತ್ತದೆಂಬ ನಂಬಿಕೆಯಿಂದ ಅಂಥವನೊಬ್ಬನನ್ನು ಹುಡುಕಿ ತಂದು ಅವಳ ಬೆನ್ನಿಗೆ ಒದೆಸಿದರು. ಪಾಪ, ಅವನೂ ಶ್ರದ್ಧೆಯಿಂದಲೇ ಒದ್ದ. ಉರಿ ಇಮ್ಮಡಿಯಾಯಿತು.

ಭಾವ ಬಂದು ಬಾಗಿಲಲ್ಲೇ ನಿಂತು, "ಜಾರಿದ ಬೆನ್ನು ಇನ್ನು ಕೂರೋದಿಲ್ಲ ಬಿಡು. ತಪ್ಪಲೆಗೆ ಬೇರೆಯವರನ್ನ ನೋಡ್ಕೊಂಡಿದ್ದೀನಿ. ಏಳೋ ಹಾಗಾದಾಗ ಬಾ, ಮೂಲೇಲಿ ಕೂತು ಬೆಳ್ಳುಳ್ಳಿ ಬಿಡಿಸು" ಎಂದ.

ಅವನು ಅದನ್ನು ದಯೆಯಿಂದಲೇ ಹೇಳಿದ್ದು. ಆ ದಯೆಯೇ ಅವಳ ಎದೆಗೆ ಚುಚ್ಚಿತು. ನೋವನ್ನಾದರೂ ಸಹಿಸಿಯಾಳು, ಬೆಳ್ಳುಳ್ಳಿಯ ಮೂಲೆಯನ್ನು ಸಹಿಸಲಾರಳು. ಮರುದಿನವೇ ಬಾಡಿಗೆ ಆಟೋದ ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿ ಆಸ್ಪತ್ರೆಗೆ ಹೋದಳು.

ಡಾಕ್ಟರು ಅವಳ ಕಾಲಿನ ಬಲ ನೋಡಿದರು. ಹೆಬ್ಬೆರಳು ಎತ್ತಿಸಿದರು. ಪಾದ ಸೋತು ನೇತಾಡಿದರೆ, ತೊಡೆಯ ಸಂದು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಆ ಕ್ಷಣವೇ ಓಡಿ ಬಾ, ಆಗ ಹಠ ಮಾಡಬೇಡ ಎಂದರು. ಅದೇನೂ ಇಲ್ಲದ್ದರಿಂದ ಫಿಸಿಯೋಥೆರಪಿಯ ಹೆಂಗಸಿನ ಬಳಿಗೆ ಕಳಿಸಿದರು.

ಆ ಹೆಂಗಸು ಮೊದಲು ಅವಳ ಸೊಂಟದ ಸೀರೆ ಬಿಚ್ಚಿಸಿದಳು. ಆಮೇಲೆ ವಿವರಿಸಿದಳು. ಬೆನ್ನಿನ ಮೂಳೆಮೂಳೆಯ ನಡುವೆ ಒಂದೊಂದು ಮೆತ್ತೆ ಇದೆ. ಅದರ ಹೊರಸುತ್ತು ಗಟ್ಟಿ, ಒಳಗಿರುವುದು ಮೆತ್ತಗಿನ ತಿರುಳು. ಹೊರಸುತ್ತು ಸವೆದು ಒಂದು ಕಡೆ ಸೀಳಿದರೆ ತಿರುಳು ಹೊರಗೆ ಇಣುಕುತ್ತದೆ. ಪಕ್ಕದಲ್ಲೇ ಕಾಲಿಗೆ ಇಳಿಯುವ ನರ ಇದೆ. ತಿರುಳು ಅದನ್ನು ತಾಗಿದಾಗ ಕಾಲು ಉರಿಯುತ್ತದೆ.

ಅಡುಗೆಯವಳು ಕೇಳುತ್ತಾ ಕೇಳುತ್ತಾ ಕಣ್ಣರಳಿಸಿದಳು. ಕಣಕ ಹರಿದು ಹೂರಣ ಹೊರಬಂದಿದೆ, ಅಷ್ಟೇ. ಇದು ಅವಳು ದಿನಾ ಹಂಚಿನ ಮೇಲೆ ಕಂಡ ಸಂಗತಿ.

"ಹಂಗಾದ್ರೆ ಏನೂ ಜಾರಿಲ್ವಾ?" ಎಂದು ಕೇಳಿದಳು.

"ಏನೂ ಜಾರಿಲ್ಲಮ್ಮ. ಡಿಸ್ಕು ಎಲ್ಲಿತ್ತೋ ಅಲ್ಲೇ ಇದೆ. ಜಾರೋಕೆ ಅದೇನು ಸೋಪಿನ ಬಿಲ್ಲೆಯಲ್ಲ. ಆಚೆ ಬಂದಿರೋ ತಿರುಳೂ ತುಂಬಾ ಜನಕ್ಕೆ ತಾನೇ ಒಣಗಿ ಕುಗ್ಗುತ್ತೆ. ಟೈಮ್ ಹಿಡಿಯುತ್ತೆ. ಅಲ್ಲೀವರ್ಗೂ ಬೆನ್ನಿಗೆ ಸುತ್ತಲಿನ ಸ್ನಾಯುಗಳೇ ಆಸರೆ. ನೀವು ಮಲಗೇ ಇದ್ರೆ ಅವೂ ಸೊರಗಿ ಹೋಗ್ತವೆ."

ಅಡುಗೆಯವಳಿಗೆ ಸಮಾಧಾನಕ್ಕಿಂತ ಮೊದಲು ಸಿಟ್ಟು ಬಂತು. ಒಂದು ಮಾತಿಗೆ ಹೆದರಿ ಇಷ್ಟು ದಿನ ಸೀನು ತಡೆದುಕೊಂಡೆನಲ್ಲ! ಅಲ್ಲೇ ಕೂತು ಬಾಯಿತುಂಬ ಬೈದಳು. ಯಾರನ್ನು ಬೈದಳೋ ಅವಳಿಗೇ ತಿಳಿಯದು. ಫಿಸಿಯೋಥೆರಪಿಯ ಹೆಂಗಸು ನಗುತ್ತಾ ಕಾದು, ಆಮೇಲೆ ಹೊಟ್ಟೆಯಡಿಯಾಗಿ ಮಲಗಿಸಿ, ಮೊಣಕೈ ಊರಿ ಎದೆ ಎತ್ತುವುದನ್ನು ಕಲಿಸಿದಳು. ಬೆನ್ನುನೋವೆಂದು ಬಂದವರೆಲ್ಲರಿಗೂ ಇದೇ ವ್ಯಾಯಾಮವಲ್ಲ, ನಿಮ್ಮ ಬೆನ್ನು ಇದಕ್ಕೆ ಒಗ್ಗುತ್ತದೆ ಎಂದು ನೋಡಿ ಹೇಳುತ್ತಿದ್ದೇನೆ ಎಂದೂ ಎಚ್ಚರಿಸಿದಳು. ಪಾದದ ನೋವು ಮೊಣಕಾಲಿಗೆ ಏರಿ, ಮೊಣಕಾಲಿನದು ಸೊಂಟಕ್ಕೆ ಏರಿದರೆ ಹೆದರಬೇಡಿ, ಸೊಂಟದಲ್ಲಿ ಸ್ವಲ್ಪ ಹೆಚ್ಚಾದರೂ ಅದು ಹಿಮ್ಮೆಟ್ಟುತ್ತಿದೆ ಎಂದೇ ಅರ್ಥ ಎಂದಳು.

ಆದರೆ ಸಿಟ್ಟು ಬಂದವರಿಗೆ ತಾಳ್ಮೆ ಎಲ್ಲಿಂದ ಬರಬೇಕು? ಸ್ವಲ್ಪ ಗುಣ ಕಂಡಿತು. ಪಾದದ ಉರಿ ಇಳಿಯಿತು. ಅವಳು ಸೆರಗು ಬಿಗಿದು ನೇರವಾಗಿ ಮದುವೆ ಮನೆಯ ಒಲೆಯ ಮುಂದೆ ಹೋಗಿ ನಿಂತಳು. ಯಾರ ಮಾತೂ ಕೇಳದೆ, ಹಳೆಯ ಪದ್ಧತಿಯಲ್ಲೇ ಸೊಂಟ ಬಗ್ಗಿಸಿ ತಪ್ಪಲೆಗೆ ಕೈ ಹಾಕಿದಳು. ತಪ್ಪಲೆ ಅಲುಗಲಿಲ್ಲ. ಅವಳು ನೆಲಕ್ಕೆ ಕೂತಳು. ಉರಿ ಮತ್ತೆ ಹಿಮ್ಮಡಿಗೆ ಇಳಿಯಿತು. ಸುತ್ತ ನಿಂತವರು ಅಯ್ಯೋ ಪಾಪ ಎಂದರು. ಅವಳು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಅತ್ತಳು.

ಮರುದಿನ ಆಸ್ಪತ್ರೆಗೆ ಹೋದಾಗ, ಅವಳ ಕಾಲಿನ ಬಲವನ್ನು ಮತ್ತೆ ಪರೀಕ್ಷಿಸಿ ನೋಡಿದ ಮೇಲೆ ಫಿಸಿಯೋಥೆರಪಿಯ ಹೆಂಗಸು, "ನಿಮಗೆ ಹಠ ಜಾಸ್ತಿ. ಒಳ್ಳೇದೇ ಆಯ್ತು, ಅದಿಲ್ದೆ ಈ ಕೆಲಸ ಆಗಲ್ಲ. ಆದ್ರೆ ಇರೋ ಹಠಾನೆಲ್ಲ ಒಂದೇ ದಿನ ಸುರಿದುಬಿಟ್ರಿ. ದಿನಾ ಚೂರು ಚೂರು ಹಾಕಿ. ಹೂರಣಕ್ಕೆ ಉರಿ ಹ್ಯಾಗೆ ಇಡ್ತೀರಿ?" ಎಂದಳು.

"ಸಣ್ಣಗೆ" ಎಂದಳು ಅಡುಗೆಯವಳು.

ಅಂದಿನಿಂದ ಅವಳು ಸಣ್ಣ ಉರಿಯಲ್ಲಿ ಹಠ ಮಾಡಿದಳು. ಬೆಳಿಗ್ಗೆ ಎದ್ದು ನಡೆದಳು, ಸಂಜೆ ನಡೆದಳು. ನಡುವೆ ಹೊಟ್ಟೆಯಡಿಯಾಗಿ ಮಲಗಿ ಎದೆ ಎತ್ತಿದಳು. ಆಮೇಲೆ ಅಂಗಾತ ಮಲಗಿ ಕಾಲು ಮಡಿಸಿ ಸೊಂಟ ಎತ್ತಿದಳು. ಕುರ್ಚಿಯಿಂದ ಏಳುವುದನ್ನೂ ಕೂರುವುದನ್ನೂ ಕೂಸಿನ ಹಾಗೆ ಹೊಸದಾಗಿ ಕಲಿತಳು. ನೋವು ಇಂದು ಎರಡು ಹೆಜ್ಜೆ ಹಿಂದೆ ಹೋಗಿ ನಾಳೆ ಒಂದು ಹೆಜ್ಜೆ ಮುಂದೆ ಬರುತ್ತಿತ್ತು. ಅವಳು ವ್ಯಾಯಾಮ ಬಿಡಲಿಲ್ಲ. ಗುಣವಾಗುವವರೆಗೆ ಮಾತ್ರ ಎಂದು ಹಲ್ಲು ಕಚ್ಚಿ ಬೆಳ್ಳುಳ್ಳಿ ಬಿಡಿಸಲು ಹೋದ ಕಡೆಯಲ್ಲೂ ಅಡುಗೆಮನೆಯ ಹಿಂದೆ ಗೋಣಿತಾಟು ಹಾಸಿ ಎದೆ ಎತ್ತುತ್ತಿದ್ದಳು. ಹೆಂಗಸರು ಬಾಯಿಗೆ ಸೆರಗು ಒತ್ತಿ ನಕ್ಕರು. ಭಾವ, "ಅಡುಗೆಗೆ ಬಂದ್ಯೋ, ಈಜೋಕೆ ಬಂದ್ಯೋ?" ಎಂದು ಛೇಡಿಸಿದ. ಅವಳು ಕತ್ತೆತ್ತಿ, "ಈಜಿ ದಡ ಸೇರ್ತೀನಿ ಭಾವ. ನೀವು ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ" ಎಂದಳು.

ಪಾದದ ಉರಿ ಮೊಣಕಾಲಿಗೆ ಏರಿತು. ಮೊಣಕಾಲು ಬಿಟ್ಟು ತೊಡೆಗೆ ಏರಿತು. ಕೊನೆಗೆ ಸೊಂಟದಲ್ಲಿ ಒಂದು ಸಣ್ಣ ಬಿಗಿತವಾಗಿ ಉಳಿಯಿತು. ಅವಳನ್ನು ಮೂಲೆಗೆ ಕೂರಿಸಿದ್ದರು. ಈಗ ಅವಳು ನೋವನ್ನು ಮೂಲೆಗೆ ಕೂರಿಸಿದಳು. ಅಲ್ಲಿಂದಾಚೆಗೆ ಭಾರ ಎತ್ತುವುದನ್ನು ಕಲಿತಳು. ಮೊದಲು ಖಾಲಿ ಕೊಡ, ಆಮೇಲೆ ತಳದಲ್ಲಿ ನೀರಿದ್ದ ಕೊಡ, ಆಮೇಲೆ ತುಂಬಿದ ಕೊಡ.

ಮತ್ತೊಂದು ಮದುವೆ ಬಂತು. ಹೂರಣ ಹದಕ್ಕೆ ಬಂತು. ಹೊಸಬ ತಪ್ಪಲೆಯ ಹತ್ತಿರ ಬರುವ ಮೊದಲೇ ಅಡುಗೆಯವಳು ಬೆಳ್ಳುಳ್ಳಿಯ ಮೊರ ಪಕ್ಕಕ್ಕಿಟ್ಟು ಎದ್ದು ಬಂದಳು. ಒಲೆಯ ಕೆಂಡ ಬದಿಗೆ ಸರಿಸಿದಳು. ದಪ್ಪನೆಯ ಗೋಣಿ ಮಡಿಸಿ ಕೈಗೂ ಮೈಗೂ ಅಡ್ಡ ಹಿಡಿದಳು. ಕಾಲು ಅಗಲಿಸಿ, ಮೊಣಕಾಲು ಮಡಿಸಿ ಕೂತಳು. ತಪ್ಪಲೆಯನ್ನು ಹೊಟ್ಟೆಯ ಹತ್ತಿರಕ್ಕೆ ಎಳೆದುಕೊಂಡಳು. ಉಸಿರು ಬಿಡುತ್ತಾ ತೊಡೆಯ ಬಲದಲ್ಲಿ ಎದ್ದಳು. ತಿರುಗಬೇಕಾದಾಗ ಸೊಂಟ ತಿರುಚದೆ ಪಾದವನ್ನೇ ತಿರುಗಿಸಿದಳು. ತಪ್ಪಲೆಯನ್ನು ಇಳಿಸಿದಳು. ಒಂದು ಚಮಚ ಹೂರಣವೂ ಚೆಲ್ಲಲಿಲ್ಲ.

ಆಮೇಲೆ ಭಾವ, "ಏನಿದು, ಹೆರಿಗೆಗೆ ಕೂತ ಹಾಗೆ ಕೂತ್ಕೊಂಡು? ಮದುವೆಯವರು ನೋಡಿದ್ರೆ ಏನಂದಾರು? ಇದು ನಮ್ಮ ಪದ್ಧತಿ ಅಲ್ಲ. ಎತ್ತೋದಾದ್ರೆ ನಮ್ಮ ಹಾಗೆ ಎತ್ತು, ಇಲ್ದಿದ್ರೆ ಮೂಲೆಗೆ ಹೋಗು" ಎಂದ.

"ನಿಮ್ಮ ಪದ್ಧತಿಗೆ ನನ್ನ ಬೆನ್ನು ಕೊಟ್ಟಾಯ್ತು ಭಾವ. ಇದು ನನ್ನ ಪದ್ಧತಿ. ಇನ್ನು ಯಾರ ಮುಂದೇನೂ ನಾನು ಸೊಂಟ ಬಗ್ಗಿಸೋದಿಲ್ಲ" ಎಂದಳು.

ಆ ದಿನದ ಹೋಳಿಗೆಯನ್ನು ಕೊನೆಯ ಪಂಕ್ತಿಯವರೆಗೂ ಅವಳೇ ಬೇಯಿಸಿದಳು. ಅಡುಗೆ ಅವಳ ಹೆಸರಿನದಾಯಿತು. ಕೆಲಸ ಮುಗಿದ ಮೇಲೆ ತನ್ನ ಸಟ್ಟುಗ ತೊಳೆದು ಸೆರಗಿನಲ್ಲಿ ಒರೆಸಿ, ಅದನ್ನು ಹಿಡಿದುಕೊಂಡು ಗುಂಪು ಬಿಟ್ಟು ನಡೆದಳು. ಯಾರೂ ತಡೆಯಲಿಲ್ಲ, ಅವಳೂ ತಿರುಗಿ ನೋಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕತ್ತನ್ನು ಮಾತ್ರ ಇತ್ತ ತಿರುಗಿಸಿದ. ಮೂಟೆ ಎತ್ತಿದ ದಿನ ತನಗೂ ಯಾರೋ ಅದೇ ಮಾತು ಹೇಳಿದ್ದರು, ಜಾರಿದೆ ಎಂದು. ಅದು ಈಗ ನೆನಪಾಗಿ ಮುಖ ಬಿಸಿಯಾಯಿತು. ಆದರೂ ಬಿಡದೆ, "ಅವಳ ನೋವು ಪೂರ್ತಿ ಹೋಯಿತಾ ಬುದ್ಧಿ?" ಎಂದ.

"ಈಗಲೂ ಕೆಲವು ದಿನ ಬರುತ್ತಂತೆ. ಬಂದಾಗ ಗೋಣಿತಾಟು ಹಾಸ್ಕೊತಾಳೆ, ಎದೆ ಎತ್ತುತಾಳೆ, ಎದ್ದು ಕೆಲಸಕ್ಕೆ ಹೋಗ್ತಾಳೆ."

ಶಿಷ್ಯನ ಪಕ್ಕದಲ್ಲಿ ಅನ್ನ ಆರುತ್ತಿತ್ತು. ಅವನು ತಟ್ಟೆಯತ್ತ ಕೈ ಚಾಚಿ ಮತ್ತೆ ಹಿಂದಕ್ಕೆ ಎಳೆದುಕೊಂಡ.

"ಗುಂಪು ಬಿಟ್ಟ ಮೇಲೆ ಅವಳು ಎಲ್ಲಿಗೆ ಹೋದಳು ಬುದ್ಧಿ?"

"ದಿನಾ ನಿನ್ನ ತಟ್ಟೇನ ಈ ಚಾಪೆವರೆಗೂ ಹೊತ್ತು ತರ್ತಿರೋಳು ಅವಳೇ ಕಣಪ್ಪ" ಎಂದರು ಗುರುಗಳು.