ಬಿಟ್ಟಿಗಾವಲನ ಪರದೆ

"ಕೇಳಿ, ಪಟ್ಟಣದವರೇ! ಬಿಟ್ಟಿಗಾವಲನೆಂಬ ರಕ್ಕಸ ನಮ್ಮ ಜನರನ್ನು ಬೆಟ್ಟದ ಕೋಟೆಯಲ್ಲಿ ಸೆರೆಯಿಟ್ಟಿದ್ದಾನೆ. ಅವನ ಮೂರು ಒಗಟು ಬಿಡಿಸಿದರೆ ಎಲ್ಲರಿಗೂ ಬಿಡುಗಡೆ. ಬಿಡಿಸಿದವನಿಗೆ ಮಹಾರಾಜರು ಒಂದು ಹಳ್ಳಿಯನ್ನೇ ಉಂಬಳಿ ಕೊಡುತ್ತಾರೆ. ಒಂದು ತಪ್ಪಿದರೂ ತಲೆ ಹೋಗುತ್ತದೆ. ಧೈರ್ಯವಿದ್ದವರು ಬನ್ನಿ!"

ಡಂಗುರದ ಸದ್ದಿಗೆ ಸುಣ್ಣದ ಬುಟ್ಟಿ ಇಳಿಸಿ ನಿಂತ ಹಾಲಪ್ಪನಿಗೆ ಉಂಬಳಿಯ ಮಾತು ಕಿವಿಗೇ ಬೀಳಲಿಲ್ಲ. ಅವನ ಅಕ್ಕ ಸಿದ್ದವ್ವ ಆ ಕೋಟೆಯಲ್ಲಿದ್ದಳು.

ಆ ನಾಡಿನ ಮನೆಮನೆಯಲ್ಲೂ ದೇವರಗೂಡಿನ ಪಕ್ಕದಲ್ಲಿ ಕಂಪ್ಯೂಟರ್ ಇರುತ್ತಿತ್ತು. ಈ ಡಂಗುರಕ್ಕೂ ಮೊದಲು ಒಂದು ಬೆಳಿಗ್ಗೆ ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಮಾತು ಮೂಡಿತು: "ನಿಮ್ಮ ಕಂಪ್ಯೂಟರಿಗೆ ಕಳ್ಳರ ಭಯವಿದೆ. ನಾನು ಪುಕ್ಕಟೆ ಕಾಯುತ್ತೇನೆ. ನೀವು ಯಾರು, ಯಾವೂರು, ಯಾರ ಪೈಕಿ, ಅವ್ವ ನಿಮ್ಮನ್ನು ಏನೆಂದು ಕರೆಯುತ್ತಿದ್ದಳು, ಅಷ್ಟು ಹೇಳಿದರೆ ಸಾಕು."

ಹೊಸಿಲಿಗೆ ಬಂದವರು ಏನು ಕೇಳಿದರೂ ಹೇಳುವುದು ಆ ನಾಡಿನ ರೀತಿ. ಬಂದವರನ್ನು ತಿರುಗಿ "ನೀವು ಯಾರು" ಎಂದರೆ ಮನೆತನಕ್ಕೇ ಕುಂದು. ಜನ ಹೇಳಿದರು. ಕೆಲವರು ನೆಂಟರಿಷ್ಟರ ಸಂಗತಿಯನ್ನೂ ಸೇರಿಸಿ ಹೇಳಿದರು. ಆಮೇಲೊಂದು ಸಂಜೆ ಬೆಟ್ಟದ ಕಡೆಯಿಂದ, ಸತ್ತುಹೋದ ಅವ್ವನ ದನಿಯಲ್ಲಿ "ಸಿದ್ದೀ, ಬಾರೇ" ಎಂಬ ಕರೆ ಬಂತು. ಸಿದ್ದವ್ವ ಒಲೆಯ ಮೇಲಿನ ಎಸರನ್ನೂ ಇಳಿಸದೆ ಕರೆದತ್ತ ನಡೆದುಹೋದಳು. ಹೀಗೆಯೇ ಹಲವರು ಹೋಗಿ ಸೆರೆಯಾದರು.

ಹಾಲಪ್ಪ ಬೆಟ್ಟ ಹತ್ತಿದಾಗ ಕೋಟೆಯಂಗಳದಲ್ಲಿ ರಾಜನೂ ಪ್ರಜೆಗಳೂ ನೆರೆದಿದ್ದರು. ಎದುರಿಗೆ ಕರಿಯ ಪರದೆ. ರಕ್ಕಸನ ಮುಖ ಕಂಡವರಿರಲಿಲ್ಲ.

"ಕೊಟ್ಟರೂ ಕೊಟ್ಟವನ ಹತ್ತಿರವೇ ಇರುತ್ತದೆ, ಆದರೆ ಕೊಟ್ಟ ಮೇಲೆ ಅದು ಅವನೊಬ್ಬನದಲ್ಲ, ಅವನ ಅಂಕೆಗೂ ಸಿಗುವುದಿಲ್ಲ. ಏನದು?" ಎಂದಿತು ಪರದೆಯ ಹಿಂದಿನ ದನಿ. "ಹೇಳು ದಳವಾಯಿ. ಚಿಕ್ಕಂದಿನಲ್ಲಿ ಕತ್ತಲಿಗೆ ಹೆದರಿ ಅಜ್ಜಿಯ ಸೆರಗು ಹಿಡಿದು ಮಲಗುತ್ತಿದ್ದವನು ನೀನೇ ಅಲ್ಲವೇ?"

ದಳವಾಯಿ ಕಾಳಿಂಗರಾಯನ ಮುಖ ಬಿಳಿಚಿತು. "ದೀಪ!" ಎಂದು ಚೀರಿದ. ಪರದೆ ಅಲುಗಿತು, ತಲೆ ಉರುಳಿತು. ಆಸ್ಥಾನದ ಪಂಡಿತ ವಾಮನಯ್ಯ ಗಂಟಲು ಸರಿಮಾಡಿಕೊಂಡು "ವಿದ್ಯೆ" ಎಂದ. ಅವನ ತಲೆಯೂ ಉರುಳಿತು.

ಮತ್ತೆ ಯಾರೂ ಮುಂದೆ ಬರಲಿಲ್ಲ. ಹಾಲಪ್ಪ ಬಂದ.

"ಏನೋ ಸುಣ್ಣದವನೇ, ಬುಟ್ಟಿ ಹೊರುವ ತಲೆ ಹೋದರೆ ಯಾರಿಗೆ ನಷ್ಟ?"

"ನನ್ನ ಅಕ್ಕನಿಗೆ, ಬಿಟ್ಟಿಗಾವಲಪ್ಪ," ಎಂದ ಹಾಲಪ್ಪ. ಅಕ್ಕ ಕಳೆದುಕೊಂಡದ್ದು ಏನೆಂದು ನೆನೆದ. "ಅದು ಗುಟ್ಟು. ಹೇಳಿದ ಮೇಲೂ ಹೇಳಿದವನಿಗೆ ಗೊತ್ತೇ ಇರುತ್ತದೆ. ಆದರೆ ಅದು ಎಲ್ಲೆಲ್ಲಿ ತಿರುಗುತ್ತದೋ, ತಡೆಯಲಾರ."

ಪರದೆ ಅಲುಗಲಿಲ್ಲ. "ಗೋಡೆ ಕೊರೆಯದೆ, ಬೀಗ ಮುರಿಯದೆ, ಮನೆಯವರ ಕೈಯಲ್ಲೇ ಮಣೆ ಹಾಕಿಸಿಕೊಂಡು ಕೂರುವ ಕಳ್ಳ ಯಾರು?"

"ಅಳಿಯ ಅನ್ನೋ!" ಎಂದು ಹಿಂದಿನಿಂದ ಮುದುಕನೊಬ್ಬ ಪಿಸುಗುಟ್ಟಿದ. ಯಾರಿಗೂ ನಗು ಬರಲಿಲ್ಲ.

"ಕೂಲಿ ಬೇಡವೆನ್ನುವ ಕಾವಲುಗಾರ," ಎಂದ ಹಾಲಪ್ಪ. "ಕೂಲಿ ಬೇಡವೆಂದವನು ಬೇರೇನನ್ನೋ ಒಯ್ಯಲು ಬಂದಿರುತ್ತಾನೆ."

ಈಗಲೂ ಪರದೆ ಅಲುಗಲಿಲ್ಲ. ಆಮೇಲೆ ಪರದೆಯ ಹಿಂದಿನಿಂದ ಅವ್ವ ಮಾತಾಡಿದಳು.

"ಹಾಲೂ, ಉಂಡೆಯೇನೋ ಮಗಾ?"

ತಮ್ಮನನ್ನು ಅವ್ವ ಏನೆಂದು ಕರೆಯುತ್ತಿದ್ದಳೆಂಬುದನ್ನೂ ಅಕ್ಕ ಹೇಳಿಬಿಟ್ಟಿದ್ದಾಳೆ! "ಉಂಡೆ ಅವ್ವಾ" ಎಂಬುದು ಹಾಲಪ್ಪನ ನಾಲಿಗೆಯ ತುದಿಗೆ ಬಂತು. ತುಟಿ ಕಚ್ಚಿ ನುಂಗಿದ.

"ಒಂದೇ ಉಳಿಯಿತು, ಮಗಾ," ಎಂದಿತು ಅದೇ ಅಕ್ಕರೆಯ ದನಿ. "ನಾನು ಎಲ್ಲರನ್ನೂ ಬಲ್ಲೆ, ನನ್ನನ್ನು ಬಲ್ಲವರಿಲ್ಲ. ನನ್ನನ್ನು ಕೊಲ್ಲುವ ಆಯುಧ ಎಲ್ಲರ ಬಾಯಲ್ಲೂ ಇದೆ, ಎತ್ತುವವರಿಲ್ಲ. ಯಾವುದದು?"

ಬೈಗುಳವೇ? ಶಾಪವೇ? ಮಂತ್ರವೇ? ಹಾಲಪ್ಪ ಒಂದೊಂದನ್ನೇ ತೂಗಿ ಬಿಟ್ಟ. ಪರದೆ ಮೆಲ್ಲಗೆ ಅಲುಗತೊಡಗಿತು. ಅವ್ವ ಬದುಕಿದ್ದರೆ ಕೆನ್ನೆಗೆ ಬಾರಿಸುತ್ತಿದ್ದಂಥ ಮಾತೊಂದು ಅವನಿಗೆ ಆಗ ಹೊಳೆಯಿತು. ನಾಚಿಕೆಯಿಂದ ಕಿವಿ ಬಿಸಿಯಾದರೂ ಆಡಿಯೇಬಿಟ್ಟ.

"ನೀನು ಯಾರು? ಯಾವೂರು? ಯಾರ ಪೈಕಿ?"

"ಛೀ! ಹಾಗೆ ಕೇಳುತ್ತಾರೇನೋ!" ಎಂದರು ಜನ.

"ಕೇಳಬೇಕಾಗಿತ್ತು. ಅಂದೇ ಕೇಳಬೇಕಾಗಿತ್ತು. ಆ ಆಯುಧ ಮರುಪ್ರಶ್ನೆ. ಹೇಳು ರಕ್ಕಸ, ಯಾರು ನೀನು?"

ಪರದೆಯ ಹಿಂದೆ ಅವ್ವನ ದನಿ ತೊದಲಿತು. ಅಜ್ಜಿಯದಾಯಿತು, ಯಾರದೋ ಗಂಡನದಾಯಿತು, ಕೂಸಿನದಾಯಿತು. ತನ್ನದೆನ್ನುವ ಒಂದು ದನಿಯೂ ಅದಕ್ಕೆ ಸಿಗಲಿಲ್ಲ. ಕದ್ದ ದನಿಗಳೆಲ್ಲ ಗಾಳಿಗೆ ಹಾರಿಹೋದವು, ಪರದೆ ಕಳಚಿ ಬಿತ್ತು. ಹಿಂದೆ ಬರಿಯ ಕಲ್ಲುಗೋಡೆ. ಸೆರೆಯಾಳುಗಳಿದ್ದ ನೆಲಮಾಳಿಗೆಯ ಬಾಗಿಲುಗಳು ತಾವಾಗಿ ತೆರೆದುಕೊಂಡವು.

"ಭಲೇ! ಹೊಳೆಯಾಚೆಯ ಹಳ್ಳಿ ಇಂದಿನಿಂದ ನಿನ್ನದು," ಎಂದ ರಾಜ.

"ಆಗಲಿ ಪ್ರಭು, ಆಮೇಲೆ ಬಂದು ಕಾಲಿಗೆ ಬೀಳುತ್ತೇನೆ," ಎನ್ನುತ್ತ ಹಾಲಪ್ಪ ಮೆಟ್ಟಿಲಿಳಿದು ಓಡಿದ. ಒಳಗೆ ಕತ್ತಲು.

"ಅಕ್ಕಾ! ಸಿದ್ದಕ್ಕಾ, ಬಾರೇ!"

ಮೂಲೆಯಲ್ಲಿ ಬಳೆ ಸದ್ದಾಯಿತು. ಯಾರೂ ಬರಲಿಲ್ಲ.

"ಯಾರು ನೀನು?" ಎಂದಿತು ಅಕ್ಕನ ದನಿ. ನಡುಗುತ್ತಿತ್ತು, ಆದರೆ ಗಟ್ಟಿಯಾಗಿತ್ತು.

"ನಾನೇ ಕಣೇ, ಹಾಲೂ."

"ಹೆಸರನ್ನು ಯಾರು ಬೇಕಾದರೂ ಹೇಳುತ್ತಾರೆ. ಬೆಳಕಿಗೆ ಬಂದು ಮುಖ ತೋರಿಸು."

ಹಾಲಪ್ಪ ನಗುತ್ತ, ಕಣ್ಣೊರೆಸಿಕೊಳ್ಳುತ್ತ, ಬಾಗಿಲ ಬೆಳಕಿಗೆ ಬಂದು ನಿಂತ.