ಭಟ್ಟಿಗೆ ವೈಫೈ ದಾಟಿಸಿದ ತಿಪ್ಪೇಶಿ

ಹೂಂಗುಟ್ಟುವುದಾದರೆ ಹೇಳುತ್ತೇನೆ, ತೂಕಡಿಸುವವರು ಈಗಲೇ ಎದ್ದು ಹೋಗಿ. ದಾವಣಗೆರೆಯಲ್ಲಿ ಹಾಲಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ತಿಪ್ಪೇಶಿ. ಇಪ್ಪತ್ತಾರು ವರ್ಷದ ಆಳು, ಎರಡು ಮೂಟೆ ಒಟ್ಟಿಗೆ ಹೊರುತ್ತಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದಕ್ಕೆ ಊರು ಅವನನ್ನು ಪೆದ್ದ ಅಂದಿತು. ಹೇಳಿದ್ದು ಒಂದೂ ಮಾಡದೆ ತಿರುಗುವವರನ್ನು ಜಾಣರು ಅಂದಿತು. ಊರಿನ ಬುದ್ಧಿ ಇಷ್ಟೇ.

ಹಾಲಮ್ಮನದು ಮಂಡಕ್ಕಿ ಭಟ್ಟಿ, ಮನೆಯ ಹಿತ್ತಲಲ್ಲಿ. ಮನೆಯ ಮುಂದಿನ ಭಾಗ ಮೈದುನ ಮುರಿಗೆಪ್ಪನದು. ವೈಫೈ ಪೆಟ್ಟಿಗೆ ಅವನ ಸೋಫಾ ಹಾಕಿದ ಹಾಲಿನ ಗೋಡೆಯ ಮೇಲಿತ್ತು, ಇಬ್ಬರಿಗೂ ಸೇರಿದ್ದು. ಹಿತ್ತಲಿಗೆ ಮಾತ್ರ ಅದರ ಉಸಿರೂ ಮುಟ್ಟುತ್ತಿರಲಿಲ್ಲ. ಭಟ್ಟಿಯ ತಗಡಿನ ಮಾಡಿನ ಕೆಳಗೆ ಮೊಬೈಲ್ ಸಿಗ್ನಲ್ಲೂ ಸತ್ತು ಹೋಗುತ್ತಿತ್ತು.

ಒಂದು ದಿನ ಶಿವಮೊಗ್ಗದ ಹಾಸ್ಟೆಲೊಂದರ ಮೇಡಂ ಫೋನ್ ಮಾಡಿ, ಸೋಮವಾರ ಹನ್ನೊಂದಕ್ಕೆ ವಿಡಿಯೋ ಕಾಲ್ ಮಾಡುತ್ತೇನೆ, ಮಂಡಕ್ಕಿ ಹುರಿಯುವುದನ್ನು ಕಣ್ಣಾರೆ ತೋರಿಸಿ, ತೋರಿಸಿದರೆ ವರ್ಷವಿಡೀ ಆರ್ಡರ್ ನಿಮ್ಮದೇ ಅಂದರು. ಇತ್ತ ಮುರಿಗೆಪ್ಪ ಆಗಲೇ ಹೇಳಿಬಿಟ್ಟಿದ್ದ. ಹಿತ್ತಲಲ್ಲಿ ಅವನಿಗೂ ಪಾಲಿತ್ತು, ದೊಡ್ಡ ಆರ್ಡರ್ ಬಾರದಿದ್ದರೆ ಭಟ್ಟಿ ಕೆಡವಿಸಿ ಅಲ್ಲಿ ಕಾರ್ ನಿಲ್ಲಿಸುತ್ತಾನಂತೆ. ಅಂದರೆ ಸೋಮವಾರ ಹನ್ನೊಂದರೊಳಗೆ ಭಟ್ಟಿಗೆ ವೈಫೈ ಬರಬೇಕು, ಇಲ್ಲದಿದ್ದರೆ ಭಟ್ಟಿಯೇ ಇಲ್ಲ.

ಅಟ್ಟದ ಮೇಲೆ ಹಳೇ ರೂಟರ್ ಒಂದು ಬಿದ್ದಿತ್ತು. ಹಾಲಮ್ಮ ಅದನ್ನು ಮಗನ ಕೈಗೆ ಕೊಟ್ಟು, ಮೊಬೈಲ್ ಅಂಗಡಿಯ ನಸ್ರೀನ್ ಹತ್ತಿರ ಕಳಿಸಿದಳು. ನಸ್ರೀನ್ ಅದರ ಸೆಟ್ಟಿಂಗ್ ಬದಲಿಸಿದಳು. ವೈರ್ ಬೇಡ, ಮುಂದಿನ ಪೆಟ್ಟಿಗೆಯ ಸಿಗ್ನಲ್ ಹಿಡಿದು ಹಿಂದಕ್ಕೆ ದಾಟಿಸುತ್ತದೆ, ಸೇತುವೆ ಇದ್ದ ಹಾಗೆ, ಕರೆಂಟಿಗೆ ಹಾಕಿ ಹಾಲಿಗೂ ಭಟ್ಟಿಗೂ ಸರಿಯಾಗಿ ಮಧ್ಯದಲ್ಲಿ ಇಡು ಅಂದಳು.

ತಿಪ್ಪೇಶಿ ಹಗ್ಗ ತಂದ. ಹಾಲಿನ ಗೋಡೆಯಿಂದ ಭಟ್ಟಿಯವರೆಗೆ ಅಳೆದ. ಹಗ್ಗವನ್ನು ಎರಡು ಮಡಿಕೆ ಮಾಡಿದ. ಮಧ್ಯ ಸರಿಯಾಗಿ ಬಚ್ಚಲ ನೀರಿನ ತೊಟ್ಟಿಯೊಳಗೆ ಬಂತು. ಮುಳುಗಿಸೋಕೆ ತಾನೇನು ಪೆದ್ದನೇ? ಊಟದ ತಟ್ಟೆ ತೇಲಿಬಿಟ್ಟು ಅದರ ಮೇಲೆ ರೂಟರ್ ಕೂರಿಸಿದ. ಪ್ಲಗ್ಗಿಗೆ ಹಾಕಲು ವೈರ್ ಎಳೆದ, ತಟ್ಟೆ ಮಗುಚಿತು.

ನಸ್ರೀನ್ ಅದನ್ನು ಬಿಚ್ಚಿ ಒಣಗಿಸಿ ಜೀವ ಬರಿಸಿದಳು. ಚೆನ್ನಾಗಿ ಬೈದಳು. ನೀರಿನ ಹತ್ತಿರ ಒಯ್ಯಲೇಬೇಡ, ಒಣಗಿರೋ ಜಾಗ ನೋಡಿ ಎತ್ತರಕ್ಕೆ ಕಟ್ಟು ಅಂದಳು.

ಮನೆಯಲ್ಲೆಲ್ಲ ಒಣಗಿರೋ ಜಾಗ ಯಾವುದು? ನೀವೇ ಹೇಳಿ. ಉರಿಯುವ ಭಟ್ಟಿಯ ಮೇಲಿನ ತೊಲೆ! ಭತ್ತವೇ ಅಲ್ಲಿ ಗಳಿಗೆಯಲ್ಲಿ ಒಣಗುತ್ತದೆ. ಅಲ್ಲೇ ಕಟ್ಟಿದ. ಸಂಜೆಯ ಹೊತ್ತಿಗೆ ರೂಟರಿನ ಒಂದು ಮೂಲೆ ಕರಗಿ ಹಪ್ಪಳದ ಹಾಗೆ ಸುರುಟಿಕೊಂಡಿತು.

ಹಾಲಮ್ಮ ತಲೆ ಮೇಲೆ ಕೈ ಹೊತ್ತಳು. ನಸ್ರೀನ್ ಮತ್ತೆ ಬೈದಳು. ಇನ್ನೂ ಉಸಿರಿದೆ, ಆದರೆ ಒಳಗಿದ್ದದ್ದೆಲ್ಲ ಅಳಿಸಿಹೋಗಿದೆ, ಹೊಸದಾಗಿ ಮಾಡಬೇಕು ಅಂದಳು. ಮನೆಯ ಮುಂದಿನ ಪೆಟ್ಟಿಗೆಗೆ ಯಾವ ಹೆಸರಿದೆಯೋ ಇದಕ್ಕೂ ಅದೇ ಹೆಸರಿಡಬೇಕು, ಭಾನುವಾರ ಬಂದು ನಾನೇ ಇಡುತ್ತೇನೆ, ಅಲ್ಲಿಯವರೆಗೆ ಎಳೇ ಕೂಸಿನ ಹಾಗೆ ನೋಡಿಕೋ ಅಂತ ಹೇಳಿ ಕಳಿಸಿದಳು.

ಎಳೇ ಕೂಸಿಗೆ ಹೆಸರಿಡೋದು ಅಂದರೆ ಸುಮ್ಮನೆ ಆಗುತ್ತದೆಯೇ? ತಿಪ್ಪೇಶಿ ಪಕ್ಕದ ಮನೆಯಿಂದ ತೊಟ್ಟಿಲು ತಂದ. ಅವ್ವನ ಹಳೇ ಸೀರೆ ಹಾಸಿದ. ಓಣಿಯ ಹೆಂಗಸರನ್ನೆಲ್ಲ ಕುಂಕುಮ ಕೊಟ್ಟು ಕರೆದ. ಗುಗ್ಗರಿ ಬೇಯಿಸಿದ. ಭಾನುವಾರ ನಸ್ರೀನ್ ಬಂದು ನೋಡಿದರೆ ರೂಟರ್ ಕುಲಾವಿ ಹಾಕಿಕೊಂಡು ತೊಟ್ಟಿಲಲ್ಲಿ ಮಲಗಿದೆ, ಹೆಂಗಸರು ಜೋಗುಳ ಹಾಡುತ್ತಿದ್ದಾರೆ. ಹಾಲಿನ ವೈಫೈಗೆ ಮುರಿಗೆಪ್ಪ ತನ್ನ ಹೆಸರನ್ನೇ ಇಟ್ಟಿದ್ದ. ತಿಪ್ಪೇಶಿ ರೂಟರಿನ ಆಂಟೆನಾ ಕಡ್ಡಿಯೇ ಕಿವಿ ಅಂದುಕೊಂಡು, ಅದರ ಹತ್ತಿರ ಬಾಯಿಟ್ಟು ಮುರಿಗೆಪ್ಪ, ಮುರಿಗೆಪ್ಪ, ಮುರಿಗೆಪ್ಪ ಅಂತ ಮೂರು ಸಲ ಉಸುರಿದ. ಆಮೇಲೆ ಹೆಂಗಸರೆಲ್ಲ ಸೇರಿ ತೊಟ್ಟಿಲು ತೂಗಿದರು. ಜೋರಾಗಿಯೇ ತೂಗಿದರು. ಮುರಿಗೆಪ್ಪ ಹಾರಿ ಕಲ್ಲಿನ ಮೇಲೆ ಬಿದ್ದು ಎರಡು ಹೋಳಾದ.

ನಸ್ರೀನ್‌ಗೆ ಬೈಯುವ ಶಕ್ತಿಯೂ ಉಳಿಯಲಿಲ್ಲ. ಸುಸ್ತಾಗಿ ಜಗಲಿಯ ಮೇಲೆ ಕೂತು ಹೇಳಿದಳು:

"ತಿಪ್ಪೇಶಣ್ಣ, ಇದರ ಕತೆ ಮುಗೀತು. ಗೋಡೆ ಮ್ಯಾಲಿಂದನ್ನ ಮಾತ್ರ ಮುಟ್ಟಬ್ಯಾಡ. ಅದು ಇದ್ದಲ್ಲೇ ಇರ್ಲಿ. ಏನು ಬೇಕೋ ಅದನ್ನ ಅದರ ಹತ್ರ ತಗಂಡು ಹೋಗು."

ಮೇಡಂ ಹತ್ತಿರ ಮಾತಾಡಲಿಕ್ಕಾದರೂ ಫೋನನ್ನು ಅಲ್ಲಿಗೆ ಒಯ್ಯಲಿ ಅಂತ ಅವಳು ಹೇಳಿದ್ದು. ಫೋನ್ ಅಂತ ಬಾಯಿಬಿಟ್ಟು ಹೇಳಲಿಲ್ಲ, ನೋಡಿ.

ಸೋಮವಾರ ಬೆಳಿಗ್ಗೆ ಮುರಿಗೆಪ್ಪ ಪೇಟೆಗೆ ಹೋದ. ಹಾಲಮ್ಮ, ಎಲ್ಲ ಮುಗಿಯಿತು, ಮೇಡಂ ಹತ್ತಿರ ಕ್ಷಮೆ ಕೇಳಿದರಾಯಿತು ಅಂತ ಮುಖ ತೊಳೆದು ಹಿತ್ತಲಿಗೆ ಬಂದರೆ ಬಾಣಲೆ ಇಲ್ಲ. ಮರಳಿಲ್ಲ. ಜರಡಿ ಇಲ್ಲ. ಸೌದೆ ಇಲ್ಲ. ಮಸಿಯ ಜಾಡು ಹಿಡಿದು ಮುಂದಕ್ಕೆ ಹೋದಳು. ಮುರಿಗೆಪ್ಪನ ಹಾಲಿನ ನಡುವೆ, ಬೆಳ್ಳನೆ ಟೈಲ್ಸಿನ ಮೇಲೆ, ಮೂರು ಕಲ್ಲು ಹೂಡಿ ಉರಿ ಹಾಕಿ ಮಗ ಕೂತಿದ್ದ. ಬಾಣಲೆಯ ಮರಳು ಕಾದು ಹೊಗೆಯಾಡುತ್ತಿತ್ತು. ಗೋಡೆಯ ಮೇಲೆ ವೈಫೈ ಪೆಟ್ಟಿಗೆ ಇದ್ದಲ್ಲೇ ಇತ್ತು.

ಹಾಲಮ್ಮ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಹನ್ನೊಂದಾಯಿತು, ಫೋನ್ ಬಡಿದುಕೊಂಡಿತು. ಫೋನನ್ನು ಮಗನ ಕೈಗೆ ಕೊಟ್ಟಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಣಲೆಯ ಮುಂದೆ ಕೂತೇಬಿಟ್ಟಳು. ಮಗ ಫೋನ್ ಹಿಡಿದು ತೋರಿಸಿದ. ಮಂಡಕ್ಕಿ ಚಟಪಟ ಅರಳಿ ಸೋಫಾ ಮೇಲೆ, ಟೀವಿ ಮೇಲೆ, ದೇವರ ಫೋಟೋ ಮೇಲೆ ಹಾರಿತು. ಮೇಡಂ ಬೆರಗಾದರು. ಟೈಲ್ಸು ಹಾಕಿಸಿ ಫ್ಯಾನು ಕಟ್ಟಿಸಿದ ಭಟ್ಟಿ ನಾನೆಲ್ಲೂ ಕಂಡಿಲ್ಲ, ಬರುವ ವಾರದಿಂದಲೇ ಮೂಟೆ ಕಳಿಸಿ ಅಂದರು.

ಫೋನ್ ಇಡುವುದಕ್ಕೂ ಮುರಿಗೆಪ್ಪ ಒಳಗೆ ಕಾಲಿಡುವುದಕ್ಕೂ ಸರಿಹೋಯಿತು. ಅವನು ಕೂಗಾಡಿದ, ಪೆದ್ದ ಅಂದ, ಪೆದ್ದನ ಹೆತ್ತವಳು ಅಂದ. ಹಾಲಮ್ಮ ಎದ್ದು ನಿಂತಳು. ಇಪ್ಪತ್ತಾರು ವರ್ಷ ಮಗನನ್ನು ಬೈದ ಬಾಯಿ ಅದು.

"ಮುರಿಗೆಪ್ಪ, ಆರ್ಡರ್ ಸಿಕ್ಕೈತಿ. ಭಟ್ಟಿ ಕೆಡವೋ ಮಾತು ಇನ್ನ ಎತ್ತಬ್ಯಾಡ. ನನ್ನ ಮಗ ಹೇಳಿದ್ದು ಒಂದೂ ಬಿಟ್ಟಿಲ್ಲ. ಹೇಳೋರು ಸರಿಯಾಗಿ ಹೇಳ್ರಿ."

ಮುರಿಗೆಪ್ಪ ಹಲ್ಲು ಕಡಿದು ತಿಪ್ಪೇಶಿಯ ಕಡೆ ತಿರುಗಿದ. "ನಾನು ಸ್ನಾನ ಮಾಡಿ ಬರೋದ್ರೊಳಗ ಈ ಮನ್ಯಾಗ ಒಂದು ಕಾಳೂ ಕಾಣಬಾರದು" ಅಂದು ಬಚ್ಚಲಿಗೆ ಹೋದ.

ತಿಪ್ಪೇಶಿ ಅವ್ವನ ಮುಖ ನೋಡಿದ. ಬೇರೆ ದಿನವಾಗಿದ್ದರೆ ಅವಳು ಬಿಡಿಸಿ ಹೇಳುತ್ತಿದ್ದಳು.

"ನಿಮ್ಮ ಚಿಕ್ಕಪ್ಪ ಹೇಳ್ಯಾನಲ್ಲ, ಹಂಗೇ ಮಾಡು" ಅಂದಳು.

ಅವನು ಹಾಲಿನ ನೆಲ ಗುಡಿಸಿದ. ಸೋಫಾ ಜಾಡಿಸಿದ. ಆಮೇಲೆ ಚಿಕ್ಕಪ್ಪನ ಉಗ್ರಾಣದ ಬಾಗಿಲು ತೆಗೆದ. ಅಕ್ಕಿ ಮೂಟೆ ನಾಲ್ಕು ಬೀದಿಗೆ ಬಂದವು. ಜೋಳ ಬಂತು, ತೊಗರಿಬೇಳೆ ಬಂತು, ಕಡಲೆ ಬಂತು, ಹೆಸರುಕಾಳು ಬಂತು. ಓಣಿಯ ದನಗಳೂ ಬಂದವು.

ಮುರಿಗೆಪ್ಪ ಟವೆಲ್ ಸುತ್ತಿಕೊಂಡು ಹೊರಗೆ ಬಂದಾಗ ತಿಪ್ಪೇಶಿ ಜಗಲಿಯ ಮೇಲೆ ಒಗ್ಗರಣೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಸಾಸಿವೆಯನ್ನು ಒಂದೊಂದಾಗಿ ಬೀದಿಗೆ ಹಾಕುತ್ತಿದ್ದ. ಪಕ್ಕದಲ್ಲಿ ಹಾಲಮ್ಮ ಕಾಲು ಚಾಚಿ ಕೂತಿದ್ದಳು.

"ಜೀರಿಗೀನೂ ಬಿಡಬ್ಯಾಡ, ಮಗನೇ" ಅಂದಳು.